ಕೆಮ್ಮಿಗೆ ಇಳಿಯುವ ಕಾಲು

ಕಳೆದ ಭಾನುವಾರ ನಮ್ಮ ಮನೆಗೆ ಇಬ್ಬರು ಹಿರಿಯರು ಪಂಚಾಯ್ತಿ ಮಾಡಲು ಬಂದರು. ನನಗೂ ನಮ್ಮ ಮಾವನಿಗೂ ಆಗಿರುವ ಜಗಳ ಬಿಡಿಸಿ, ರಾಜಿ ಮಾಡಿಸಿ, ಚಹಾ ಕುಡಿದು ಹೋಗುವುದು ಅವರ ಕಾರ್ಯಕ್ರಮ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಹಣೆಯ ಮೇಲೆ ದಪ್ಪಗೆ ವಿಭೂತಿ. ಎಲ್ಲ ಸಿದ್ಧತೆಯೂ ಸರಿಯಾಗಿತ್ತು. ಒಂದೇ ತೊಂದರೆ, ನನಗೂ ಮಾವನಿಗೂ ಜಗಳವೇ ಆಗಿರಲಿಲ್ಲ.

ಹಾಗಂತ ಅವರನ್ನು ದೂರುವಂತೆಯೂ ಇಲ್ಲ. ಒಳಗೆ ಕಾಲಿಟ್ಟಾಗ ಅವರಿಗೆ ಕಂಡದ್ದೇನು? ಎಂಬತ್ತು ದಾಟಿದ ಮಾವ ನಡುಮನೆಯಲ್ಲಿ ಗೋಡೆಗೆ ಮುಖ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದಾರೆ. ಅವರ ಬೆನ್ನ ಹಿಂದೆ, ದಿವಾನದ ಮೇಲೆ, ಸೊಸೆ ಎನ್ನಿಸಿಕೊಂಡವಳು ಒಂದು ಕಾಲನ್ನು ಎತ್ತರಕ್ಕೆ ಏರಿಸಿಕೊಂಡು ಮಲಗಿದ್ದಾಳೆ. ಹಿರಿಯರು ಬಂದರೂ ಏಳುತ್ತಿಲ್ಲ. ನೀವಾಗಿದ್ದರೂ ಪಂಚಾಯ್ತಿಯನ್ನೇ ಮಾಡುತ್ತಿದ್ದಿರಿ.

ಆದ್ದರಿಂದ ಕಾಲಿನಿಂದಲೇ ಶುರು ಮಾಡುತ್ತೇನೆ.

ನನ್ನ ಎಡಗಾಲಿನ ಗಿಣ್ಣಿನ ಹತ್ತಿರ, ಒಳಬದಿಯಲ್ಲಿ, ಒಂದು ಹುಣ್ಣು ಇದೆ. ಗೇಟಿನ ಮೂಲೆ ತಾಗಿ ಆದ ಸಣ್ಣ ತರಚು ಗಾಯ ಅದು. ತರಚು ಗಾಯ ಎಂದರೆ ವಾರಕ್ಕೆ ಒಣಗಬೇಕು ತಾನೆ? ಇದು ಒಣಗಲಿಲ್ಲ. ಬೇಸಿಗೆ ಹೋಯಿತು, ಹೊಸದುರ್ಗದಲ್ಲಿ ಮಳೆ ಬಂತು ಎನ್ನುವಷ್ಟು ಮಳೆಯೂ ಬಂತು, ಗಾಯ ಮಾತ್ರ ಇದ್ದಲ್ಲೇ ಇತ್ತು. ಸುತ್ತಲಿನ ಚರ್ಮ ಕಂದು ಬಣ್ಣಕ್ಕೆ ತಿರುಗಿತು. ಸಂಜೆಯಾದರೆ ಕಾಲು ಊದಿಕೊಂಡು ಕಾಲುಂಗುರ ಬೆರಳಿನೊಳಗೆ ಹೂತುಹೋಗುತ್ತಿತ್ತು. ಬೆಳಿಗ್ಗೆ ಎದ್ದರೆ ಸಪೂರ, ಸಂಜೆಗೆ ಮತ್ತೆ ಅದೇ ಕಥೆ.

ಡಾಕ್ಟರ ಹತ್ತಿರ ಹೋಗುವ ಮೊದಲು ಕೇರಿಯ ಹತ್ತಿರ ಹೋಗುವುದು ನಮ್ಮ ಪದ್ಧತಿ. ಒಬ್ಬರು ಅರಿಶಿನ ಎಂದರು. ಒಬ್ಬರು ತುಂಬೆ ಸೊಪ್ಪಿನ ರಸ ಎಂದರು. ಇನ್ನೊಬ್ಬರು ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಹಚ್ಚು ಎಂದರು. ಒಬ್ಬರಂತೂ ಟೂತ್‌ಪೇಸ್ಟ್ ಹೇಳಿದರು. (ಅದನ್ನು ಮಾತ್ರ ಹಚ್ಚಲಿಲ್ಲ. ನನಗೂ ಸ್ವಲ್ಪ ಬುದ್ಧಿ ಇದೆ.)

ಕೊನೆಗೆ ಚಿತ್ರದುರ್ಗಕ್ಕೆ ಹೋದೆವು. ಡಾಕ್ಟರು ಹೆಂಗಸು. ಪಟ್ಟಿ ಬಿಚ್ಚಿ ಬಗ್ಗಿ ನೋಡಿದವರು ಹಾಗೇ ಹಿಂದೆ ಸರಿದರು.

"ಏನಮ್ಮ ಇದು? ಹುಣ್ಣಿಗೆ ಒಗ್ಗರಣೆ ಹಾಕಿದ್ದೀರಲ್ಲ."

ಆಮೇಲೆ ಕಾಲಿಗೆ ಬಿಪಿ ನೋಡಿದರು. (ಹೌದು, ಕಾಲಿಗೇ. ನನ್ನ ಬಿಪಿಯೆಲ್ಲ ತಲೆಯಲ್ಲೇ ಇದೆ ಎಂಬುದು ಅಲ್ಲಿಯವರೆಗೆ ನಮ್ಮ ಯಜಮಾನರ ನಂಬಿಕೆಯಾಗಿತ್ತು.) ರಕ್ತ ಕಾಲಿಗೆ ಇಳಿಯುವುದರಲ್ಲಿ ತೊಂದರೆಯಿಲ್ಲ, ಕಾಲಿನಿಂದ ಮೇಲೆ ಹತ್ತುವುದರಲ್ಲಿ ತೊಂದರೆ ಎಂದರು. ರಕ್ತನಾಳದ ಒಳಗೆ ಸಣ್ಣ ಸಣ್ಣ ಬಾಗಿಲುಗಳು ಇರುತ್ತವಂತೆ. ಮೇಲೆ ಹೋದ ರಕ್ತ ಕೆಳಗೆ ಬೀಳದ ಹಾಗೆ ಅವು ಮುಚ್ಚಿಕೊಳ್ಳಬೇಕು. ನನ್ನವು ಸರಿಯಾಗಿ ಮುಚ್ಚುತ್ತಿಲ್ಲ. ರಕ್ತ ಕೆಳಗೇ ನಿಂತು ನಿಂತು ಚರ್ಮ ಸೋತುಹೋಗಿದೆ.

ನನಗೆ ಅರ್ಥವಾಗುವ ಮೊದಲು ಯಜಮಾನರಿಗೆ ಅರ್ಥವಾಯಿತು. ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ.

"ಫುಟ್‌ವಾಲ್ವ್ ಲೀಕ್ ಆಗೈತೆ ಅನ್ರಿ ಮೇಡಂ" ಎಂದರು. ಬಾವಿಯಲ್ಲಿ ಪೈಪಿನ ತುದಿಗೆ ಇರುವ ವಾಲ್ವು ಕೆಟ್ಟರೆ ಎತ್ತಿದ ನೀರು ವಾಪಸ್ ಬಾವಿಗೇ ಬೀಳುತ್ತದಲ್ಲ, ಆ ಥರ. ಡಾಕ್ಟರು ಸ್ವಲ್ಪ ಯೋಚಿಸಿ, ಹೌದು, ಹೆಚ್ಚುಕಮ್ಮಿ ಹಾಗೇ ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ನಾನು ರಿಪೇರಿಗೆ ಬಂದ ಮೋಟರ್.

"ನಿಂತ್ಕೊಂಡು ಮಾಡೋ ಕೆಲಸಾನಾ ನಿಮ್ಮದು? ಟೀಚರಾ? ಅಂಗಡಿ ಏನಾದ್ರೂ ಇದೆಯಾ?" ಡಾಕ್ಟರು ಕೇಳಿದರು.

"ಇಲ್ಲ ಮೇಡಂ, ಮನೇಲೇ ಇರ್ತೀನಿ."

"ಮನೇಲಿ ಕೂತ್ಕೊಳ್ಳಲ್ವಾ?"

ಈ ಪ್ರಶ್ನೆಯನ್ನು ಇದುವರೆಗೆ ಯಾರೂ ನನಗೆ ಕೇಳಿರಲಿಲ್ಲ. ಯಜಮಾನರ ಮುಖ ನೋಡಿದೆ. ಅವರು ಗೋಡೆಯ ಮೇಲಿದ್ದ ರಕ್ತನಾಳದ ಚಿತ್ರವನ್ನು ಪೈಪ್‌ಲೈನ್ ನೋಡುವ ಹಾಗೆ ನೋಡುತ್ತಿದ್ದರು.

ಡಾಕ್ಟರು ಬಿಗಿಯಾಗಿ ಪಟ್ಟಿ ಸುತ್ತಿದರು. ಅದನ್ನು ನಾವೇ ಬಿಚ್ಚುವಂತಿಲ್ಲ, ಅಡುಗೆಮನೆಯ ಸಾಮಾನು ಹಚ್ಚುವಂತಿಲ್ಲ. ಇನ್ನು ಮಿಕ್ಕಿದ್ದೆಲ್ಲ ಲೈಫ್‌ಸ್ಟೈಲ್ ಎಂದರು. ಒಂದೇ ಕಡೆ ತುಂಬ ಹೊತ್ತು ನಿಲ್ಲಬಾರದು. ದಿನಾ ನಡೆಯಬೇಕು. ಕೂತಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ಮೀನಖಂಡ ಹಿಂಡಿದಷ್ಟೂ ರಕ್ತ ಮೇಲೆ ಹತ್ತುತ್ತದೆ. ಕಾಳು, ಬೇಳೆ, ಮೊಸರು ಚೆನ್ನಾಗಿ ತಿನ್ನಬೇಕು, ತೂಕ ಇಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನಕ್ಕೆ ಮೂರು ನಾಲ್ಕು ಸಲ ಅರ್ಧರ್ಧ ಗಂಟೆ ಮಲಗಿ, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಟ್ಟುಕೊಳ್ಳಬೇಕು.

"ಇದನ್ನ ಮಾಡಿದ್ರೆ ಗಾಯ ಮುಚ್ಚುತ್ತೆ. ಮಾಡ್ಲಿಲ್ಲ ಅಂದ್ರೆ ನಾನು ಎಷ್ಟು ಪಟ್ಟಿ ಸುತ್ತಿದ್ರೂ ಅಷ್ಟೇ. ದೊಡ್ಡದಾಗುತ್ತೆ, ಕೀವಾಗುತ್ತೆ, ವರ್ಷಗಟ್ಟಲೆ ಹಿಂಗೇ ಇರೋರನ್ನ ನಾನು ನೋಡಿದೀನಿ" ಎಂದರು. ನನಗೆ ನಿಜವಾಗಿ ಭಯವಾಯಿತು.

ವಾಪಸ್ ಬರುವಾಗ ಬಸ್ಸು ಹೊಳಲ್ಕೆರೆ ದಾಟುವವರೆಗೂ ಆ ಪ್ರಶ್ನೆಯನ್ನೇ ಯೋಚಿಸಿದೆ. ನಾನು ಮನೆಯಲ್ಲಿ ಕೂರುವುದು ಯಾವಾಗ? ರೊಟ್ಟಿ ತಟ್ಟುವಾಗ ನಿಂತಿರುತ್ತೇನೆ. ಮಾವ ಊಟಕ್ಕೆ ಕೂತರೆ ಬಡಿಸಲು ನಿಂತಿರುತ್ತೇನೆ. ಯಜಮಾನರು ಊಟಕ್ಕೆ ಬಂದರೆ ಮತ್ತೆ ನಿಂತಿರುತ್ತೇನೆ. ನನ್ನ ಊಟ ಅಡುಗೆಕಟ್ಟೆಯ ಹತ್ತಿರ, ತಟ್ಟೆ ಕೈಯಲ್ಲಿ ಹಿಡಿದು. ನೀವು ಪ್ರತಿ ವಾರ ಓದುವ ಈ ಅಂಕಣವನ್ನೂ ಅದೇ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು, ಕುಕ್ಕರ್ ಎರಡು ಸಲ ಕೂಗುವ ನಡುವೆ, ನಿಂತೇ ಬರೆದದ್ದು. (ಹಿಂದಿನ ವಾರಗಳಲ್ಲಿ ನಿಮಗೆ ಇಷ್ಟವಾಗದ ವಾಕ್ಯಗಳಿದ್ದರೆ ಆ ಹೊತ್ತಿಗೆ ಬೇಳೆ ಬೆಂದಿತ್ತು ಎಂದು ತಿಳಿಯಿರಿ.)

ಇನ್ನು ಮಾವ ನಡುಮನೆಯಲ್ಲಿ ಇದ್ದಷ್ಟು ಹೊತ್ತೂ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಮಾವನ ಮುಂದೆ ಸೊಸೆ ಕೂರುವುದಿಲ್ಲ. ಇದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ. ತುರುವನೂರಿನ ತವರಿನಲ್ಲಿ ಅಮ್ಮ ಹಾಗೇ ನಿಂತಿರುತ್ತಿದ್ದಳು. ಮದುವೆಯಾಗಿ ಬಂದಾಗ ಇಲ್ಲಿ ಅತ್ತೆಯೂ ಅದೇ ಬಾಗಿಲಲ್ಲಿ ನಿಂತಿರುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಬಾಗಿಲು ಪೂರ್ತಿ ನನ್ನದಾಯಿತು. ನನ್ನ ಭುಜ ಒರಗಿ ಒರಗಿ ಆ ಚೌಕಟ್ಟಿನ ಬಣ್ಣ ಒಂದು ಕಡೆ ಹೋಗಿದೆ. ಮೊನ್ನೆ ಪೇಂಟ್ ಮಾಡಿಸಿದಾಗಲೂ ಅಲ್ಲಿ ಮಾತ್ರ ಬಣ್ಣ ನಿಲ್ಲಲಿಲ್ಲ.

ಮಾವ ಕೆಟ್ಟವರೇ? ಅಲ್ಲವೇ ಅಲ್ಲ. ಶ್ರೀರಾಂಪುರದಲ್ಲಿ ಕೊಬ್ಬರಿ ವ್ಯಾಪಾರ ಮಾಡಿದವರು, ಯಾರಿಗೂ ಏರಿದ ದನಿಯಲ್ಲಿ ಮಾತಾಡಿದವರಲ್ಲ. ನನಗಂತೂ ಏರಿದ ದನಿ ಹೋಗಲಿ, ಇಳಿದ ದನಿಯಲ್ಲೂ ಹೆಚ್ಚು ಮಾತಾಡಿಲ್ಲ. ಮೂವತ್ತು ವರ್ಷದ ನಮ್ಮ ಸಂಭಾಷಣೆಯನ್ನು ಒಟ್ಟುಮಾಡಿದರೆ "ನೀರು", "ಚಾ", "ಯಾರೋ ಬಂದಾರೆ ನೋಡು" ಇಷ್ಟರಲ್ಲಿ ಮುಗಿಯುತ್ತದೆ. ಪೇಪರಿನಲ್ಲಿ ಟೆಂಡರ್ ನೋಟಿಸ್ ಕೂಡ ಬಿಡದೆ ಓದುವ ಮನುಷ್ಯ, ನನ್ನ ಅಂಕಣ ಓದುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಸರಿ, ಕಾಲು ಎತ್ತಬೇಕು. ಎಲ್ಲಿ ಎತ್ತುವುದು?

ನಮ್ಮ ಮಲಗುವ ಕೋಣೆ ಮಹಡಿಯ ಮೇಲಿದೆ, ಶೀಟಿನ ಸೂರು. ಮಧ್ಯಾಹ್ನ ಅಲ್ಲಿ ಹಪ್ಪಳ ಒಣಗಿಸಬಹುದು, ಮನುಷ್ಯರು ಮಲಗುವಂತಿಲ್ಲ. ಕೆಳಗಿನ ಕೋಣೆ ಮಾವನದು. ಉಳಿದದ್ದು ನಡುಮನೆಯ ದಿವಾನ.

ಪಕ್ಕದ ಮನೆಯ ಶಾಹಿದಾಳ ಗಂಡ ಹಾಸಿಗೆ ಹೊಲಿಯುವವನು. ವಿಷಯ ಕೇಳಿ ಅವಳು ಒಂದೇ ದಿನದಲ್ಲಿ ಗಟ್ಟಿಯಾಗಿ ಹತ್ತಿ ತುಂಬಿದ ದೊಡ್ಡ ದಿಂಬು ಹೊಲಿಸಿ ತಂದಳು. ಯಜಮಾನರು ಅಂಗಡಿಯಿಂದ ರಸಮಟ್ಟ ತಂದರು. ಮೋಟರ್ ಕೂರಿಸುವಾಗ ಸಮವಾಗಿದೆಯೇ ಎಂದು ನೋಡಲು, ಒಳಗೆ ನೀರಿನ ಗುಳ್ಳೆ ಓಡಾಡುವ ಪಟ್ಟಿ ಇಟ್ಟುಕೊಳ್ಳುತ್ತಾರಲ್ಲ, ಅದು. ನನ್ನನ್ನು ಮಲಗಿಸಿ, ಎದೆಗೂ ಹಿಮ್ಮಡಿಗೂ ಒಂದು ಉದ್ದನೆಯ ಪೈಪು ಹಿಡಿದು, ಅದರ ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. "ಇನ್ನೊಂದು ದಿಂಬು ಬೇಕು, ಲೆವೆಲ್ ಬಂದಿಲ್ಲ" ಎಂದರು.

ಆಗ ಶಾಹಿದಾ ಕೇಳಿದಳು, "ಅಕ್ಕ, ಕಾಲು ಯಾವ ಕಡೆ ಮಾಡ್ತೀರಿ?"

ಅವಳ ಮನೆಯಲ್ಲಿ ಪಶ್ಚಿಮಕ್ಕೆ ಕಾಲು ಚಾಚುವುದಿಲ್ಲ, ನಮಾಜಿನ ದಿಕ್ಕು ಅದು. ನಮ್ಮ ಮನೆಯಲ್ಲಿ ಎಲ್ಲಿಗೆ ಚಾಚಬಹುದು ಎಂದು ನೋಡಿದರೆ, ಪೂರ್ವಕ್ಕೆ ದೇವರ ಕೋಣೆ. ಉತ್ತರದ ಗೋಡೆಯಲ್ಲಿ ಮಠದ ಗುರುಗಳ ಫೋಟೊ, ಅದರ ಪಕ್ಕದಲ್ಲಿ ಹಾರ ಹಾಕಿದ ಅತ್ತೆಯ ಫೋಟೊ. ಪಶ್ಚಿಮಕ್ಕೆ ಶಾಹಿದಾ ಬೇಡ ಎಂದು ತಲೆಯಾಡಿಸಿದಳು, ಅಲ್ಲಿ ಬೀದಿಬಾಗಿಲೂ ಇದೆ, ಬಂದವರ ಮುಖಕ್ಕೆ ನೇರ ಕಾಲು. ದಕ್ಷಿಣಕ್ಕೆ ಮಾವನ ಕುರ್ಚಿ. ಒಂದು ಕಾಲು ಇಡಲು ಈ ಭೂಮಿಯಲ್ಲಿ ದಿಕ್ಕಿಲ್ಲ ಎಂದು ನನಗೆ ಅವತ್ತೇ ತಿಳಿದದ್ದು.

ಕೊನೆಗೆ ದಿವಾನವನ್ನು ಓರೆಯಾಗಿ ತಿರುಗಿಸಿ, ಮೂಲೆಯಲ್ಲಿದ್ದ ಫ್ರಿಜ್ಜಿನ ಕಡೆ ಕಾಲು ಮಾಡಿದೆವು. ಫ್ರಿಜ್ಜಿನ ಬಾಗಿಲಿಗೆ ಗಣಪತಿಯ ಸ್ಟಿಕ್ಕರ್ ಇತ್ತು. ಯಜಮಾನರು ಅದನ್ನು ಕಿತ್ತು ಒಳಗೆ, ಮೊಸರಿನ ಪಾತ್ರೆಯ ಹಿಂದೆ ಅಂಟಿಸಿದರು. ಗಣಪತಿ ಈಗ ತಂಪಾಗಿದ್ದಾನೆ.

ಇಷ್ಟೆಲ್ಲ ಮಾಡಿ ನಾನು ಮಲಗಿ ಕಾಲು ಎತ್ತಿ ಐದು ನಿಮಿಷ ಆಗಿರಲಿಕ್ಕಿಲ್ಲ, ಹೊರಗೆ ಮಾವ ಕೆಮ್ಮಿದರು.

ಇಲ್ಲಿ ಮಾವನ ಕೆಮ್ಮಿನ ಬಗ್ಗೆ ಸ್ವಲ್ಪ ಹೇಳಬೇಕು. ಹೆಂಗಸರಿರುವ ಕೋಣೆಗೆ ಹಿರಿಯರು ಸುಮ್ಮನೆ ನುಗ್ಗುವುದಿಲ್ಲ. ಹೊಸಿಲ ಹತ್ತಿರ ನಿಂತು ಒಮ್ಮೆ ಕೆಮ್ಮುತ್ತಾರೆ. ನಾನು ಬರ್ತಿದೀನಿ, ಸೆರಗು ಸರಿ ಮಾಡ್ಕೊ, ಎದ್ದು ನಿಂತ್ಕೊ ಎಂದು ಅದರ ಅರ್ಥ. ಇದು ಅವರು ನನಗೆ ತೋರಿಸುವ ಮರ್ಯಾದೆ, ಅದಕ್ಕೆ ಎದ್ದು ನಿಲ್ಲುವುದು ನಾನು ಅವರಿಗೆ ತೋರಿಸುವ ಮರ್ಯಾದೆ. ನಾನು ಎದ್ದೆ. ದಿಂಬು ಬಿತ್ತು, ಪೈಪು ಉರುಳಿತು, ನಾನು ಬಾಗಿಲಿಗೆ ಒರಗಿ ನಿಂತೆ. ಮಾವ ಬಂದು ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದರು. ಅರ್ಧ ಗಂಟೆ ಓದಿದರು. ಆ ಅರ್ಧ ಗಂಟೆ ನನ್ನ ಕಾಲಿನದಾಗಿತ್ತು.

ಅವರು ಹೊರಗೆ ಹೋದ ಮೇಲೆ ಮತ್ತೆ ಎತ್ತಿದೆ. ಜಗಲಿಯಲ್ಲಿ ಕೆಮ್ಮಿದರು, ಇಳಿಸಿದೆ. ಒಳಗೆ ಬರಲಿಲ್ಲ, ಎತ್ತಿದೆ. ಮತ್ತೆ ಕೆಮ್ಮಿದರು, ಇಳಿಸಿದೆ. ಮಾವನಿಗೆ ನಶ್ಯದ ಅಭ್ಯಾಸ. ಮೂಗಿಗೆ ಹಾಕಿದ ನಶ್ಯ ಗಂಟಲಿಗೆ ಹೋಗಿ ಕೆಮ್ಮು ಬರುತ್ತದೆ. ಅಂದರೆ ಅವರದು ಎರಡು ಬಗೆಯ ಕೆಮ್ಮು, ಒಂದು ಮರ್ಯಾದೆಯದು, ಒಂದು ನಶ್ಯದ್ದು. ಕೇಳಲು ಎರಡೂ ಒಂದೇ. ನನ್ನ ಕಾಲಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು? ಅದು ಎರಡಕ್ಕೂ ಇಳಿಯಿತು. ರೈಲ್ವೆ ಗೇಟಿನ ಹಾಗೆ ದಿನವಿಡೀ ಏಳುವುದು, ಇಳಿಯುವುದು.

ಮತ್ತೆ ಚಿತ್ರದುರ್ಗಕ್ಕೆ ಹೋದಾಗ ಡಾಕ್ಟರು ಪಟ್ಟಿ ಬಿಚ್ಚಿ ಅಳತೆ ತೆಗೆದರು. ಹುಣ್ಣು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಸ್ವಲ್ಪ ಅಗಲವೇ ಆಗಿತ್ತು.

"ಕಾಲು ಮೇಲೆ ಇಟ್ಕೊಂಡಿದ್ರಾ?"

"ಇಟ್ಕೊಂಡಿದ್ದೆ ಮೇಡಂ. ಆದರೆ ನಮ್ಮ ಮಾವ ಕೆಮ್ತಾರೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಎಲ್ಲವನ್ನೂ ಹೇಳಿದೆ. ಬಾಗಿಲು, ಕೆಮ್ಮು, ನಶ್ಯ, ಫ್ರಿಜ್ಜು. ಅವರಿಗೆ ನಗು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ.

"ಹಾಗಿದ್ರೆ ನಿಮ್ಮ ಕಾಲಿಗಲ್ಲ, ಮೊದಲು ಅವರ ಕೆಮ್ಮಿಗೆ ಔಷಧಿ ಮಾಡಿಸಿ" ಎಂದರು.

ತಮಾಷೆಗೆ ಹೇಳಿದ್ದು ಎಂದು ಈಗ ತಿಳಿಯುತ್ತದೆ. ಆದರೆ ನಮ್ಮ ಯಜಮಾನರು ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಮಾಡುವ ಮನುಷ್ಯ. ಹೊಸದುರ್ಗಕ್ಕೆ ಇಳಿದ ಸಂಜೆಯೇ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇಲ್ಲಿಯ ಡಾಕ್ಟರ ಹತ್ತಿರ ಕರೆದೊಯ್ದರು. ಸೊಸೆಯ ಕಾಲು ವಾಸಿಯಾಗಲಿ ಎಂದು ಮಾವನ ಎದೆಗೆ ಎಕ್ಸ್‌ರೇ ಆಯಿತು. ಕಫ ಪರೀಕ್ಷೆ ಆಯಿತು. ಎದೆ ಸ್ವಚ್ಛ. ನಶ್ಯ ಬಿಡಿ ಎಂದರು. ಬಿಸಿನೀರು ಕುಡಿಯಿರಿ ಎಂದರು. ಇನ್ನೊಂದು ಮಾತೂ ಹೇಳಿದರು, ಅದರ ಪರಿಣಾಮ ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಬೇಕೂಂತ ಗಂಟಲು ಕೆರೆದು ಕೆಮ್ಮುವ ಅಭ್ಯಾಸ ಬಿಡಿ, ಗಂಟಲು ಹುಣ್ಣಾಗುತ್ತೆ ಎಂದರು.

ಯಾಕೆ ಕರೆದುಕೊಂಡು ಹೋದೆವು ಎಂದು ಮಾವನಿಗೆ ನಾವು ಹೇಳಿರಲಿಲ್ಲ. ಹೇಗೆ ಹೇಳುವುದು? ಅವರಿಗೆ ಮನಸ್ಸು ತುಂಬಿ ಬಂದಿತ್ತು. ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದರು.

"ಸೊಸೆಗೆ ಕಾಲು ಹುಣ್ಣು. ಆದ್ರೂ ತನ್ ನೋವು ಬಿಟ್ಟು ನನ್ ಕೆಮ್ಮಿನ ಚಿಂತೆ ಮಾಡ್ತಾಳೆ. ಈಗಿನ ಕಾಲದಾಗೆ ಇಂಥೋರು ಎಲ್ಲವ್ರೆ ಹೇಳ್ರಿ."

ನಾನು ಒಳಗೆ ನಿಂತು (ಮತ್ತೆ ನಿಂತು) ಕೇಳಿಸಿಕೊಂಡೆ. ನಾಚಿಕೆಯಾಯಿತು, ನಗುವೂ ಬಂತು. ಲೈಫ್‌ಸ್ಟೈಲ್ ಬದಲಾಯಿಸಬೇಕಾದವಳು ನಾನು. ಇಲ್ಲಿಯವರೆಗೆ ಬದಲಾದದ್ದು ಯಾರದು? ಮಾವ ಜೀವಮಾನದ ನಶ್ಯ ಬಿಟ್ಟರು. ಯಜಮಾನರು ರಾತ್ರಿ ಅನ್ನ ಬಿಟ್ಟು ನನ್ನ ಪಾಲಿನ ಹೆಸರುಕಾಳು ಉಸಲಿ ತಿನ್ನತೊಡಗಿದರು. ದೇವರು ಫ್ರಿಜ್ಜಿಗೆ ಹೋದ. ನಾನು ಮಾತ್ರ ಅದೇ ಚೌಕಟ್ಟಿಗೆ ಒರಗಿಕೊಂಡಿದ್ದೆ.

ನಶ್ಯ ಬಿಟ್ಟ ಮೇಲೆ ಕೆಮ್ಮು ನಿಂತಿತು. ಪೂರ್ತಿ ನಿಂತಿತು. ಡಾಕ್ಟರು ಕೆಮ್ಮಬೇಡಿ ಎಂದ ಮೇಲೆ ಮಾವ ಮರ್ಯಾದೆಯ ಕೆಮ್ಮನ್ನೂ ಬಿಟ್ಟರು. ನಾವು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸೈರನ್ ಕೆಟ್ಟಿದೆ, ರೈಲು ಓಡುತ್ತಲೇ ಇದೆ.

ಒಂದು ಮಧ್ಯಾಹ್ನ ಮಾವ ಊಟ ಮುಗಿಸಿ ಪಕ್ಕದ ಬೀದಿಗೆ ಹೋಗಿದ್ದರು. ನಾನು ಕಾಲು ಎತ್ತಿ ಮಲಗಿದೆ. ಮನೆ ನಿಶ್ಶಬ್ದವಾಗಿತ್ತು, ಕೆಮ್ಮಿನ ಭಯವಿಲ್ಲ, ಎಷ್ಟೋ ದಿನಗಳ ಮೇಲೆ ಗಾಢವಾಗಿ ನಿದ್ದೆ ಹತ್ತಿತು.

ಎಚ್ಚರವಾದಾಗ ಪೇಪರಿನ ಸದ್ದು ಕೇಳಿಸಿತು.

ಕಣ್ಣು ಬಿಟ್ಟೆ. ಮಾವ ಕುರ್ಚಿಯಲ್ಲಿ ಕೂತಿದ್ದರು. ಸೀರೆ ಮೊಣಕಾಲಿನವರೆಗೆ ಸರಿದಿದೆ, ಪಟ್ಟಿ ಸುತ್ತಿದ ಕಾಲು ಮೂರು ದಿಂಬಿನ ಮೇಲೆ ಬಾವುಟದ ಹಾಗೆ ನಿಂತಿದೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆಮೇಲೆ ಗಮನಿಸಿದೆ, ಕುರ್ಚಿ ಯಾವತ್ತಿನ ಹಾಗೆ ಇರಲಿಲ್ಲ. ಅವರು ಅದನ್ನು ಪೂರ್ತಿ ತಿರುಗಿಸಿ, ದಕ್ಷಿಣದ ಗೋಡೆಗೆ ಮುಖ ಮಾಡಿ, ನನಗೆ ಬೆನ್ನು ಹಾಕಿ ಕೂತು ಪೇಪರು ಓದುತ್ತಿದ್ದರು. ಮೂಗಿಗೂ ಗೋಡೆಗೂ ಒಂದು ಪೇಪರು ಬಿಡಿಸುವಷ್ಟು ಜಾಗ.

ನಾನು ಗಡಬಡಿಸಿ ಏಳಹೋದೆ. ದಿವಾನ ಕಿರ್ ಎಂದಿತು.

"ಇಳಿಸ್ಬ್ಯಾಡ" ಎಂದರು ಮಾವ, ಗೋಡೆಗೆ. "ನಾನು ನೋಡಿಲ್ಲ."

ನಾನು ಸೀರೆಯನ್ನು ಪಟ್ಟಿಯವರೆಗೆ ಎಳೆದುಕೊಂಡೆ.

"ಎಷ್ಟೊತ್ತು ಇಟ್ಕಬೇಕಂತೆ?"

"ಅರ್ಧ ಗಂಟೆ."

"ಈಗ ಎಷ್ಟಾತು?"

"ಗೊತ್ತಿಲ್ಲ. ನಿದ್ದೆ ಬಂದ್ಬಿಟ್ಟಿತ್ತು."

ಮಾವ ತಲೆಯೆತ್ತಿ ನೋಡಿದರು. ಆ ಗೋಡೆಯ ಮೇಲೆ ಗಡಿಯಾರ ಇದೆ.

"ಹಂಗಾರೆ ಮೊದಲಿಂದ ಇಡು. ನಾನು ಹೇಳ್ತೀನಿ" ಎಂದರು.

ನಾನು ಕಾಲು ಎತ್ತಿಟ್ಟೆ. ಅಳು ಬಂತು. ಯಾಕೆ ಎಂದು ಕೇಳಬೇಡಿ. ಆ ಮನೆಯಲ್ಲಿ ಮಾವ ಎದುರಿಗಿರುವಾಗ ನನ್ನ ಕಾಲು ನೆಲ ಬಿಟ್ಟದ್ದು ಅದೇ ಮೊದಲು.

ಅವತ್ತಿನಿಂದ ಇದೇ ವ್ಯವಸ್ಥೆ. ನಾನು ಮಲಗುವ ಹೊತ್ತಿಗೆ ಮಾವ ಬಂದು ಕುರ್ಚಿ ತಿರುಗಿಸುತ್ತಾರೆ. ಟೈಮ್ ಆದ ಮೇಲೆ "ಆತು" ಎನ್ನುತ್ತಾರೆ. ಆಮೇಲೆ ನಾನು ಜಗಲಿಯಿಂದ ಬೀದಿಯ ತುದಿಯವರೆಗೆ ನಡೆಯಬೇಕು, ಅದನ್ನೂ ಅವರೇ ನೆನಪಿಸುತ್ತಾರೆ. ವಿಚಿತ್ರವೆಂದರೆ, ಮುಖ ನೋಡಿಕೊಂಡು ಮೂವತ್ತು ವರ್ಷ ಆಡದ ಮಾತನ್ನು ನಾವು ಬೆನ್ನು ನೋಡಿಕೊಂಡು ಆಡತೊಡಗಿದೆವು. ಗೋಡೆ ನೋಡುತ್ತ ಮಾವ ಶ್ರೀರಾಂಪುರದ ಸಂತೆ, ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದ ವರ್ಷ, ಎಲ್ಲ ಹೇಳಿದರು. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರು.

"ಈ ವಾರ ಯಾತರ ಮ್ಯಾಲೆ ಬರೀತಿ?"

"ನೀವು ಓದ್ತೀರಾ ಮಾವ?"

"ಪೇಪರ್‌ನಾಗೆ ಇದ್ದಿದ್ದೆಲ್ಲ ಓದ್ತೀನಿ" ಎಂದರು. ಪುಟ ತಿರುಗಿಸುತ್ತ, "ಹೋದ ತಿಂಗಳು ಬರೆದದ್ದು ಕೊನೆಗೆ ಗಡಿಬಿಡಿ ಆಗೈತೆ" ಎಂದರು. (ಬೇಳೆ ಬೆಂದಿತ್ತು ಎಂದು ನಾನು ಹೇಳಲಿಲ್ಲ.)

ಇನ್ನೊಂದು ದಿನ ಅವರು ಪೇಪರು ಮಡಚಿ ತೊಡೆಯ ಮೇಲಿಟ್ಟರು. ಆಮೇಲೆ ಹೇಳಿದರು, "ನಿಮ್ಮತ್ತೆ ಕಾಲೂ ಸಂಜಿಗೆ ಊದ್ಕಂತಿತ್ತು."

ನನಗೆ ಆ ಕಾಲು ನೆನಪಿದೆ.

"ಆವಾಗ ಈ ಗಡಿಯಾರ ಆ ಕಡೆ ಗ್ವಾಡೆಯಾಗೆ ಇತ್ತು. ನಾನು ಕುರ್ಚಿ ತಿರುಗ್ಸಲೇ ಇಲ್ಲ" ಎಂ‍ದರು ಮಾವ. ಅವತ್ತು "ಆತು" ಎನ್ನುವುದನ್ನು ಮರೆತರು. ನಾನು ಒಂದು ಗಂಟೆ ಕಾಲು ಎತ್ತಿಕೊಂಡೇ ಇದ್ದೆ.

ಇಷ್ಟು ನಮಗೆ ಗೊತ್ತು. ಊರಿಗೆ ಏನು ಗೊತ್ತು? ಬಾಗಿಲಿನಿಂದ ಇಣುಕಿದವರಿಗೆ ಕಂಡದ್ದು ಗೋಡೆಯ ಜೊತೆ ಮಾತಾಡುವ ಮುದುಕ. ಒಬ್ಬರು ಅರಳುಮರಳು ಎಂದರು. ಒಬ್ಬರು ಸೊಸೆ ಊಟ ಹಾಕುತ್ತಿಲ್ಲ, ಅದಕ್ಕೆ ಮುನಿಸು ಎಂದರು. ಇನ್ನೊಬ್ಬರು, ಪೇಪರಿನಲ್ಲಿ ಬರೆಯುವ ಸೊಸೆ ಮಾವನ ಮೇಲೆ ಏನೋ ಬರೆದಿರಬೇಕು ಎಂದರು. ಹಾಲಿನವನು ನನ್ನನ್ನು ನೋಡುವ ರೀತಿಯೇ ಬದಲಾಯಿತು. ಸುದ್ದಿ ಶ್ರೀರಾಂಪುರಕ್ಕೂ ಹೋಯಿತು. ಅಲ್ಲಿಂದ ಮಾವನ ಕೊಬ್ಬರಿ ವ್ಯಾಪಾರದ ಹಳೆಯ ಗೆಳೆಯರಿಬ್ಬರು ಬಸ್ಸು ಹತ್ತಿದರು. ಭಾನುವಾರ ಬಂದ ಹಿರಿಯರು ಇವರೇ.

ಬಂದವರು ಮೊದಲು ನನ್ನ ಕಾಲನ್ನು ನೋಡಿದರು. ಆಮೇಲೆ ಮಾವನ ಬೆನ್ನನ್ನು ನೋಡಿದರು. ಬೆನ್ನಿನ ಜೊತೆ ರಾಜಿ ಮಾತಾಡಲು ಆಗದ್ದಕ್ಕೆ ಇಬ್ಬರೂ ಪಂಚೆ ಎತ್ತಿ ಹಿಡಿದು, ಕುರ್ಚಿಗೂ ಗೋಡೆಗೂ ನಡುವೆ ತೂರಿಕೊಂಡರು. ಒಬ್ಬರ ತಲೆ ಗಡಿಯಾರದ ಕೆಳಗೆ, ಇನ್ನೊಬ್ಬರದು ಗಡಿಯಾರಕ್ಕೇ ಅಡ್ಡ.

"ಏನಪ್ಪ ರುದ್ರಪ್ಪ, ಸೊಸೆ ಮ್ಯಾಲೆ ಎಷ್ಟೇ ಸಿಟ್ಟಿರ್ಲಿ, ಹಿಂಗೆ ಗ್ವಾಡೆ ಕಡೆ ಮಾರಿ ಹಾಕ್ಕಂಡು ಕುಂತ್ರೆ ಹೆಂಗೆ?"

"ಯಾರಿಗೆ ಸಿಟ್ಟು?" ಎಂದರು ಮಾವ.

"ನಿನಗೇ."

"ನನಗ್ಯಾಕೆ ಸಿಟ್ಟು? ವಸಿ ಪಕ್ಕಕ್ಕೆ ಸರೀರಿ, ಗಡಿಯಾರ ಕಾಣಾಕಿಲ್ಲ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರಳುಮರಳೇ ಎಂಬುದು ಖಾತ್ರಿಯಾದಂತಿತ್ತು. ನನಗೆ ತಡೆಯಲಾಗಲಿಲ್ಲ. ಮನೆಗೆ ಹಿರಿಯರು ಬಂದಿದ್ದಾರೆ, ನಾನು ಮಲಗಿದ್ದೇನೆ. ಹಳೆಯ ಅಭ್ಯಾಸ, ಕಾಲು ತಾನಾಗಿ ದಿಂಬಿನಿಂದ ಜಾರಿತು. ದಿವಾನ ಕಿರ್ ಎಂದಿತು.

"ಇನ್ನೂ ಟೈಮ್ ಆಗಿಲ್ಲ" ಎಂದರು ಮಾವ, ತಿರುಗದೆ.

ನಾನು ಕಾಲನ್ನು ವಾಪಸ್ ಏರಿಸಿದೆ.

"ಅಲ್ಲಪ್ಪ," ಗಡಿಯಾರಕ್ಕೆ ಅಡ್ಡ ನಿಂತವರು ದನಿ ತಗ್ಗಿಸಿದರು, "ದೊಡ್ಡೋರು ಮನೀಗೆ ಬಂದ್ರೆ ಸೊಸೆ ಎದ್ದು ನಿಂತ್ಕಳಾದಿಲ್ವಾ?"

"ನಿಂತ್ಕಂಡಿದ್ದು ಸಾಕಾಗೈತಂತೆ. ಡಾಕ್ಟ್ರು ಹೇಳ್ಯಾರೆ" ಎಂದರು ಮಾವ. ಆಮೇಲೆ ಅಡುಗೆಮನೆಯ ಕಡೆ ಕೂಗಿದರು, "ಏನಪ್ಪ, ಚಾ ಆತಾ?"

ನಮ್ಮ ಯಜಮಾನರು ಚಹಾ ತಂದರು. ಪಂಪ್‌ಸೆಟ್ ಬಿಚ್ಚುವ ಕೈ, ಸಕ್ಕರೆ ಯಾವುದು ಉಪ್ಪು ಯಾವುದು ಎಂದು ಕೇಳದೆ ಹಾಕಿತ್ತು. ಹಿರಿಯರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಪಂಚಾಯ್ತಿ ಅಲ್ಲಿಗೆ ಮುಗಿಯಿತು.

ಈ ವಾರ ಡಾಕ್ಟರು ಅಳತೆ ತೆಗೆದಿದ್ದಾರೆ. ಹುಣ್ಣು ಅರ್ಧಕ್ಕರ್ಧ ಇಳಿದಿದೆ. ಪೂರ್ತಿ ಮುಚ್ಚಲು ಇನ್ನೂ ದಿನ ಬೇಕು, ಮುಚ್ಚಿದ ಮೇಲೂ ಬಿಗಿ ಕಾಲುಚೀಲ ಹಾಕಬೇಕು, ಈ ಲೈಫ್‌ಸ್ಟೈಲ್ ಬಿಡುವ ಹಾಗಿಲ್ಲ ಎಂದಿದ್ದಾರೆ. ಮಾವನ ಕೆಮ್ಮು ಹೇಗಿದೆ ಎಂದೂ ಕೇಳಿದರು. ಈ ಅಂಕಣವನ್ನು ನಾನು ಮಲಗಿಕೊಂಡೇ ಬರೆದಿದ್ದೇನೆ. ಕೊನೆ ಗಡಿಬಿಡಿಯಾಗಿದ್ದರೆ ಈ ಸಲ ಬೇಳೆಯ ತಪ್ಪಲ್ಲ.

ಒಂದು ಮಾತು ಮಾತ್ರ ಉಳಿದಿದೆ. ಭಾನುವಾರ ಹಿರಿಯರಲ್ಲಿ ಒಬ್ಬರು ಚಪ್ಪಲಿ ಮೆಟ್ಟಲು ಹೋದವರು ಹಿಂದಕ್ಕೆ ಬಂದು, ದಿವಾನದ ಹತ್ತಿರ ಬಗ್ಗಿ, ಮಾವನಿಗೆ ಕೇಳದ ಹಾಗೆ ನನ್ನನ್ನು ಕೇಳಿದರು. "ಏನಮ್ಮ, ನಿಮ್ ಮಾವನಿಗೆ ಏನಾಗೈತೆ? ಮನುಷ್ಯ ಹಿಂಗ್ಯಾಕೆ ಕುಂತವ್ನೆ?"

ಇವರು ಹೊಸಬರಲ್ಲ. ವರ್ಷಕ್ಕೆ ನಾಲ್ಕು ಸಲವಾದರೂ ಬಂದು, ಇದೇ ನಡುಮನೆಯಲ್ಲಿ ಕೂತು, ನಾನು ಮಾಡಿದ ಚಹಾ ಕುಡಿದು ಹೋದವರೇ. ಮಾವ ಒಂದು ಕುರ್ಚಿ ತಿರುಗಿಸಿದ್ದಕ್ಕೆ ಬಸ್ಸು ಹತ್ತಿ ಓಡಿ ಬಂದರಲ್ಲ, ಮೂವತ್ತು ವರ್ಷ ನಾನು ಆ ಬಾಗಿಲಿಗೆ ಒರಗಿ ನಿಂತಿದ್ದಾಗ, ಇವಳು ಹೀಗೇಕೆ ನಿಂತಿದ್ದಾಳೆ ಎಂದು ಒಬ್ಬರಾದರೂ ಕೇಳಿದರೇ?